ಅಮೇರಿಕಾದವರು ಹೆಣ್ಣು ನೋಡಲು ಬಂದರು

"ರವಿವಾರ ಆ ಪುಣೆ ಬಾಯಾರು ನಮ್ಮ ಮನಿ ಹೊಸ್ತಿಲಾ ದಾಟಿ ಹೊರಗ ಹೋಗೂಮುಂದ, ಇಂಥಾ ಮನಿತನ ಬೆಳಗಾವಿ ಜಿಲ್ಲಾದಾಗ ಇನ್ನೊಂದಿಲ್ಲ ಅನಕೋತ ಹೋಗಬೇಕು. ಹಂಗ ಮಾಡದಿದ್ರ ನನ್ನ ಹೆಸರ ಬಾಳಾಸಾಹೇಬನ ಅಲ್ಲ!"

ಎರಡು ಸಾವಿರನೆಯ ಇಸವಿಯ ಜನವರಿಯಲ್ಲಿ, ರವಿವಾರ ಪೇಟೆಯ ಹಿಂದಿನ ಓಣಿಯ ಬಾಡಿಗೆ ಮನೆಯೊಂದರಲ್ಲಿ, ಚಹಾದ ಬಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಳಾಸಾಹೇಬರು ಈ ಭೀಷ್ಮ ಪ್ರತಿಜ್ಞೆ ಮಾಡಿದರು. ಉದ್ಯಮಬಾಗದ ಕಬ್ಬಿಣ ಎರಕದ ಫೌಂಡ್ರಿಯೊಂದರಲ್ಲಿ ಅವರು ಸೂಪರ್‌ವೈಸರ್. ದಿನವಿಡೀ ಯಂತ್ರಗಳ ಗದ್ದಲದಲ್ಲಿ ಕೂಗಿ ಮಾತಾಡಿ ರೂಢಿಯಾದ ಗಂಟಲು. ಹಾಗಾಗಿ ಪ್ರತಿಜ್ಞೆ ಓಣಿಯ ಆ ತುದಿಗೂ ಕೇಳಿಸಿತು. ಕೇಳಬೇಕಾದ ಹೆಂಡತಿ ಶಿವಬಸವ್ವ ಮಾತ್ರ ತಲೆ ಎತ್ತದೆ ಮೆಂತ್ಯಪಲ್ಯ ಸೋಸುತ್ತ ಕೂತಿದ್ದಳು.

"ಅವರು ಬರೂದು ಮನಿ ನೋಡಾಕೋ, ಮಗಳನ್ನ ನೋಡಾಕೋ?" ಅಂದಳು.

"ಮಗಳನ್ನ ನೋಡಾಕ ಬಂದಾವ್ರು ಮದ್ಲ ನೋಡೂದ ಮನಿನ. ನಿಮ್ಮಪ್ಪನ ಮನಿಗೆ ನಾ ಬಂದಾಗ ಏನ ನೋಡಿದ್ದೆ ಅಂತ ಮಾಡಿ?"

"ಅದನ್ನ ನೆನಪ ಮಾಡಬ್ಯಾಡ್ರಿ. ಅವತ್ತ ನೀವು ನೋಡಿದ್ದ ಎತ್ತು ನಮ್ಮ ಕಾಕಾಂದು."

ನಡೆದದ್ದು ಇಷ್ಟು. ಅವರ ಒಬ್ಬಳೇ ಮಗಳು ಸಮೃದ್ಧಿ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಆ ಹುಡುಗಿ ಯಾರಿಗೂ ಹೇಳದೆ ಕೇಳದೆ ಲೈಬ್ರರಿಯಲ್ಲಿ ವಿಳಾಸ ಹುಡುಕಿ, ಅಮೇರಿಕಾದ ಕಾಲೇಜುಗಳಿಗೆ ಪತ್ರ ಬರೆದು, ಬಣ್ಣಬಣ್ಣದ ಪುಸ್ತಕ ತರಿಸಿಕೊಂಡು, ಕೊನೆಗೆ ತಾಯಿಯನ್ನು ಜೊತೆಗೆ ಕರೆದುಕೊಂಡು ಮುಂಬಯಿಗೆ ಹೋಗಿ ಪ್ರವೇಶ ಪರೀಕ್ಷೆಯನ್ನೂ ಬರೆದು ಬಂದಿದ್ದಳು. ಅಲ್ಲಿನ ಕೆಲವು ಕಾಲೇಜುಗಳಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಹುಡುಗಿ ಜಾಣೆ ಎಂದು ಅವರಿಗೆ ಖಾತ್ರಿಯಾದರೆ, ಮನೆಯವರಿಂದ ಆಗುವಷ್ಟನ್ನು ಮನೆಯವರು ಕೊಡಬೇಕು, ಆಗದೆ ಉಳಿದದ್ದನ್ನು ಕಾಲೇಜೇ ನೋಡಿಕೊಳ್ಳುತ್ತದೆ.

"ನಮಗ ಆಗೂದಿಲ್ಲ ಅಂತ ಹೇಳಿದ್ರನ ನಾ ಹೋಗೂದು, ಅಪ್ಪಾ" ಎಂದು ಸಮೃದ್ಧಿ ಬಿಡಿಸಿ ಬಿಡಿಸಿ ಹೇಳಿದ್ದಳು. "ಆಗತೈತಿ ಅಂದ್ರ, ಹಂಗಾರ ನೀವ ಕಳಸ್ರಿ ಅಂತಾರ. ಅಲ್ಲಿಗೆ ಮುಗೀತು."

ಬಾಳಾಸಾಹೇಬರಿಗೆ ಲೆಕ್ಕ ತಿಳಿಯಿತು, ಇಲ್ಲ ಎನ್ನುವ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹೊರಗಿನವರು ಮನೆಯ ಬಗ್ಗೆ ವಿಚಾರಿಸಿದಾಗ ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿ ಹೇಳುವುದು ಅವರ ವಂಶದ ಸಂಪ್ರದಾಯ. ಇಲ್ಲ ಎಂದು ಬರೆದ ಕಾಗದಕ್ಕೆ ಅವರು ಸಹಿ ಹಾಕಿದ್ದು ನಿಜ, ಆದರೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಹಾಕಿದ್ದರು. ಹೀಗಾಗಿ ಸಹಿ ಸ್ವಲ್ಪ ಸೊಟ್ಟಗೆ ಬಿದ್ದಿತ್ತು.

ಆ ಗುರುವಾರ ಪಕ್ಕದ ಮನೆಯ ಬೆಲ್ಲದ ವ್ಯಾಪಾರಿ ಈರಯ್ಯನ ಫೋನಿಗೆ ಕರೆ ಬಂತು. ಮಾತಾಡಿದವರು ಪುಣೆಯ ಕಾಂತಾಬಾಯಿ, ಧಾರವಾಡದಲ್ಲಿ ಹುಟ್ಟಿದವರು, ಸಮೃದ್ಧಿ ಅರ್ಜಿ ಹಾಕಿದ ಕಾಲೇಜಿನ ಹಳೆಯ ವಿದ್ಯಾರ್ಥಿನಿ. ಇಂಥವರು ಅರ್ಜಿ ಹಾಕಿದ ಮಕ್ಕಳನ್ನು ಕಂಡು ಮಾತಾಡಿ ಕಾಲೇಜಿಗೆ ತಮ್ಮ ಅಭಿಪ್ರಾಯ ಬರೆದು ಕಳಿಸುವುದುಂಟು. ರವಿವಾರ ಗೋವಾಕ್ಕೆ ಹೋಗುವ ದಾರಿಯಲ್ಲಿ ಬೆಳಗಾವಿಯಲ್ಲಿ ಇಳಿಯುತ್ತೇನೆ, ಯಾವುದಾದರೂ ಹೊಟೇಲಿನಲ್ಲಿ ಹುಡುಗಿಯ ಜೊತೆ ಒಂದು ತಾಸು ಮಾತಾಡೋಣ ಅಂದರು.

"ಹೊಟೇಲಿನ್ಯಾಗ?" ಬಾಳಾಸಾಹೇಬರಿಗೆ ಮೈಯೆಲ್ಲ ಉರಿಯಿತು. "ಹೆಣ್ಣಮಗಳನ್ನ ಹೊಟೇಲಿನ್ಯಾಗ ತೋರಸೂದು ನಮ್ಮ ಕಡೆ ಪದ್ಧತಿ ಇಲ್ರಿ. ಮನಿಗೇ ಬರ್ರಿ. ಉಪ್ಪಿಟ್ಟು ಶಿರಾ ಆಗೇಬಿಡ್ಲಿ."

ಫೋನು ಇಟ್ಟ ಗಳಿಗೆಯಿಂದ ಅವರ ತಲೆಯಲ್ಲಿ ಕಾಲೇಜು ಹೋಗಿ ಬೀಗರ ಮನೆ ಬಂದು ಕೂತಿತು. ಸಮೃದ್ಧಿ ಶನಿವಾರ ಎಂದಿನಂತೆ ಖಾನಾಪುರದ ಸೋದರಮಾವ ರಾಚಪ್ಪನ ಹಂಚು ಸುಡುವ ಭಟ್ಟಿಗೆ ಹೋದಳು. ರವಿವಾರ ಬೆಳಗಿನ ಬಸ್ಸಿಗೆ ಬಂದುಬಿಡುತ್ತೇನೆ, ನೀವೇನೂ ತಯಾರಿ ಮಾಡಬೇಡಿ ಎಂದು ಹೇಳಿಯೇ ಹೋದಳು. ಆಕೆ ಓಣಿಯ ತಿರುವು ದಾಟಿದ್ದೇ ತಡ, ತಯಾರಿ ಸುರುವಾಯಿತು.

ಮೊದಲು ಬಂದದ್ದು ಆಚೆ ಮನೆಯ ಫಕೀರವ್ವನ ಫ್ರಿಜ್ಜು. ಫೌಂಡ್ರಿಯ ನಾಲ್ಕು ಮಂದಿ ಅದನ್ನು ದೇವರ ಪಲ್ಲಕ್ಕಿಯಂತೆ ಹೊತ್ತು ತಂದರು. ಅಡುಗೆಮನೆಯಲ್ಲಿ ಇಟ್ಟರೆ ಯಾರಿಗೆ ಕಾಣಬೇಕು? ಅದಕ್ಕೆ ಹೊರಗಿನ ಕೋಣೆಯ ನಟ್ಟನಡುವೆ ಪ್ರತಿಷ್ಠಾಪನೆಯಾಯಿತು. ಅದರ ಬಾಜೂ ಈರಯ್ಯನ ಬಣ್ಣದ ಟಿ.ವಿ. ಸಂಜೆಗೆ ಖಾನಾಪುರದಿಂದ ರಾಚಪ್ಪನ ಸಾಗವಾನಿ ಸೋಫಾ ಟೆಂಪೋದಲ್ಲಿ ಬಂತು. ಸೋಫಾ ಎಲ್ಲಿ ಹೋಯಿತೆಂದು ಸಮೃದ್ಧಿ ಕೇಳಿದರೆ ಪಾಲಿಶ್‌ಗೆ ಕೊಟ್ಟಿದ್ದೇನೆ ಎನ್ನಬೇಕೆಂದು ರಾಚಪ್ಪನಿಗೆ ಮೊದಲೇ ತಾಕೀತು ಆಗಿತ್ತು. ಈ ಮೂರೂ ಬಂದು ಕೂತ ಮೇಲೆ ಕೋಣೆಯಲ್ಲಿ ಮನುಷ್ಯರು ಅಡ್ಡಡ್ಡ ನಡೆಯಬೇಕಾಯಿತು.

"ರೀ, ನೆರವು ಕೇಳೂ ಮನ್ಯಾಗ ಇಷ್ಟೆಲ್ಲಾ ಇಟ್ಟರ ಅವರು ಏನ ತಿಳಕೊಂಡಾರು?" ಶಿವಬಸವ್ವ ಕೇಳಿದಳು.

"ಛಲೋ ಮನಿತನದ ಹುಡುಗಿ ಅಂತ ತಿಳಕೋತಾರ. ಬರೇ ಗೋಡಿ ಇದ್ದ ಮನ್ಯಾಗಿನ ಹೆಣ್ಣ ಯಾರ ತಗೋತಾರ, ನೀನ ಹೇಳ."

"ಅವರು ಸೊಸಿ ತಗೊಳ್ಳಾಕ ಬರಾಕತ್ತಿಲ್ರಿ."

"ನೀ ಶಿರಾಕ್ಕ ದ್ರಾಕ್ಷಿ-ಗೋಡಂಬಿ ಹಾಕೂದ ಮರೀಬ್ಯಾಡ" ಎಂದು ಬಾಳಾಸಾಹೇಬರು ಚರ್ಚೆಗೆ ಮುಕ್ತಾಯ ಹಾಡಿದರು.

ರವಿವಾರ ಕಾಂತಾಬಾಯಿ ಹೇಳಿದ್ದಕ್ಕಿಂತ ಒಂದು ತಾಸು ಮೊದಲೇ ಬಂದರು. ಸಮೃದ್ಧಿಯ ಬಸ್ಸು ದೇಸೂರಿನ ಹತ್ತಿರ ಕೆಟ್ಟು ನಿಂತಿತ್ತು. ಹೀಗಾಗಿ ಅಮೇರಿಕಾದ ಮೊದಲ ಸಂದರ್ಶನಕ್ಕೆ ಕೂತವರು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಬಾಳಾಸಾಹೇಬರು. ಬಂದ ಬಾಯಾರು ನೋಡಿದರೆ ಹತ್ತಿ ಸೀರೆ ಉಟ್ಟು, ಹೆಗಲಿಗೊಂದು ಜೋಳಿಗೆ ಹಾಕಿಕೊಂಡ ಸಾದಾ ಹೆಂಗಸು. ಬಾಳಾಸಾಹೇಬರಿಗೆ ಸ್ವಲ್ಪ ನಿರಾಶೆಯೇ ಆಯಿತು. ಆದರೂ ಪದ್ಧತಿ ಬಿಡಲಿಲ್ಲ, ತಾವೇ ವಿಚಾರಣೆ ಸುರು ಮಾಡಿದರು.

"ನಿಮ್ಮ ಕಾಲೇಜಿನವ್ರು ಬಾಳ ಹಳೇ ಮಂದಿ ಏನ್ರಿ?"

"ನೂರೈವತ್ತು ವರ್ಷ ಆಗ್ಯಾವ್ರಿ" ಅಂದರು ಕಾಂತಾಬಾಯಿ.

"ಹೊಲಾ ಮನಿ ಹೆಂಗೈತ್ರಿ?"

ಕಾಂತಾಬಾಯಿ ಜೋಳಿಗೆ ಪಕ್ಕಕ್ಕಿಟ್ಟರು. "ಹೊಲಾ ಅಂದ್ರ... ಕಾಲೇಜಿನ ಜಾಗಾ ಒಂದೈದನೂರು ಎಕರೆ ಅದ."

ಐದನೂರು ಎಕರೆ! ಬಾಳಾಸಾಹೇಬರು ಬೆನ್ನು ನೆಟ್ಟಗೆ ಮಾಡಿ ಕೂತರು. ಬೀಗರು ಇಷ್ಟು ದೊಡ್ಡವರಾದರೆ ನಾವು ಸುಮ್ಮನೆ ಕೂತರೆ ಹೇಗೆ?

"ನಮ್ಮದೂ ಸಾಂಬ್ರಾದಾಗ ಐತ್ರಿ. ವಿಮಾನ ಇಳಿಯೂದ ನಮ್ಮ ಹೊಲದ ಮ್ಯಾಲಿಂದನ. ನಮ್ಮ ಕಬ್ಬು ನೋಡಿದ ಮ್ಯಾಲೇನ ಪೈಲಟಗ ಬೆಳಗಾವಿ ಬಂತಂತ ಗೊತ್ತಾಗೂದು" ಎಂದುಬಿಟ್ಟರು. ಸಾಂಬ್ರಾದ ಆ ಹೊಲ ಅವರ ದೊಡ್ಡಪ್ಪನ ಮಕ್ಕಳದ್ದು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

"ಸ್ವಲ್ಪ ನೀರು ಕೊಡ್ತೀರೇನು?" ಕಾಂತಾಬಾಯಿ ಕೇಳಿದರು.

ಇದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಕ್ಕೀತು? ಬಾಳಾಸಾಹೇಬರು ಗಂಭೀರವಾಗಿ ಎದ್ದು ಹೋಗಿ ಫ್ರಿಜ್ಜಿನ ಹಿಡಿಕೆ ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಫ್ರಿಜ್ಜೇ ಒಂದು ಗೇಣು ಮುಂದೆ ಬಂತು, ಬಾಗಿಲು ತೆರೆಯಲಿಲ್ಲ. ಫಕೀರವ್ವನಿಗೆ ತನ್ನ ಕೆನೆಮೊಸರಿನ ಮೇಲೆ ಜಗತ್ತಿನ ಕಣ್ಣಿದೆ ಎಂಬ ಗುಮಾನಿ, ಹಾಗಾಗಿ ಫ್ರಿಜ್ಜಿಗೆ ಸದಾ ಬೀಗ. ಕೀಲಿ ಆಕೆಯ ಸೊಂಟದಲ್ಲಿ. ಬಾಳಾಸಾಹೇಬರು ಕಿಟಕಿಯಲ್ಲಿ ಇಣುಕಿ ಒಂದು ಕೂಗು ಹಾಕಬೇಕಾಯಿತು. ಫಕೀರವ್ವ ಕೀಲಿ ಕುಣಿಸುತ್ತ ಬಂದು, ಬೀಗ ತೆಗೆದು, ನೀರು ಕೊಟ್ಟು, ಮೊಸರಿನ ಗಡಿಗೆ ಇದ್ದಲ್ಲೇ ಇದೆಯೋ ಇಲ್ಲವೋ ನೋಡಿ, ಮತ್ತೆ ಬೀಗ ಜಡಿದು ನೆಲದ ಮೇಲೆ ಕೂತಳು.

"ಇವರ ಕಡೆ ಯಾಕ ಕೀಲಿ?" ಕಾಂತಾಬಾಯಿ ಕೇಳಿದರು.

"ಜವಾಬ್ದಾರಿ ಹೆಣ್ಣಮಗಳ್ರಿ. ಎಲ್ಲಾ ಆಕಿ ಕಡೆನ ಬಿಟ್ಟೀವಿ" ಅಂದರು ಬಾಳಾಸಾಹೇಬರು, ಹಣೆಯ ಬೆವರು ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಈರಯ್ಯ ತನ್ನ ಹೆಂಡತಿ ಮಕ್ಕಳ ಸಮೇತ ಒಳಗೆ ಬಂದ. ರವಿವಾರ ಬೆಳಗಿನ ಧಾರಾವಾಹಿಯ ಹೊತ್ತು, ಟಿ.ವಿ. ಇಲ್ಲಿ. ಅವನು ಯಾರ ಅಪ್ಪಣೆಗೂ ಕಾಯದೆ ಟಿ.ವಿ. ಹಚ್ಚಿದ, ಅಷ್ಟೂ ಮಂದಿ ಕಾಂತಾಬಾಯಿಯ ಕಾಲ ಬಳಿ ಸಾಲಾಗಿ ಕೂತರು. ಇನ್ನು ಮಾತಾಡಬೇಕಾದರೆ ಫೌಂಡ್ರಿಯ ಗಂಟಲೇ ಬೇಕಾಯಿತು. ಕಾಂತಾಬಾಯಿ ನಗು ತಡೆದುಕೊಳ್ಳುತ್ತ ಮುಂದೆ ಬಾಗಿ ಕೇಳಿದರು.

"ಒಂದು ಮಾತು ಕೇಳ್ತೀನ್ರಿ. ನಿಮ್ಮ ಹುಡುಗಿ ಕಾಲೇಜಿನ ನೆರವು ಬೇಕು ಅಂತ ಅರ್ಜಿ ಹಾಕ್ಯಾಳ. ಇಲ್ಲಿ ನೋಡಿದರ ನಿಮಗ ಅದರ ಜರೂರು ಇದ್ದಂಗ ಕಾಣೂದಿಲ್ಲಲ್ಲ?"

ಬಾಳಾಸಾಹೇಬರು ಬದುಕಿನಲ್ಲಿ ಈ ಒಂದು ಮಾತಿಗಾಗಿಯೇ ಕಾದಿದ್ದರೇನೋ. ಹೊರಗಿನವರೊಬ್ಬರು, ಅದೂ ಅಮೇರಿಕಾದಲ್ಲಿ ಓದಿದವರು, ಓಣಿಯ ಮಂದಿಯ ಎದುರಿಗೆ, ನಿಮಗೇನು ಕಡಿಮೆ ಅನ್ನುತ್ತಿದ್ದಾರೆ. ಕೈ ತಾನಾಗಿಯೇ ಮೀಸೆಗೆ ಹೋಯಿತು.

"ಅದೇನೋ ಹುಡುಗಿ ಹುಚ್ಚರಿ. ನಮಗೇನ ಕಡಿಮಿ ಐತಿ? ಮನಸ ಮಾಡಿದ್ರ ನಾವ ಕಳಸ್ತೀವಿ."

ಹೇಳಿ ಮುಗಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಸಮೃದ್ಧಿ ನಿಂತಿದ್ದಳು. ದೇಸೂರಿನಿಂದ ಯಾರದೋ ಟ್ರ್ಯಾಕ್ಟರಿನಲ್ಲಿ ಬಂದಿದ್ದಳು. ಮೊಣಕೈವರೆಗೆ ಭಟ್ಟಿಯ ಕೆಂಪು ಮಣ್ಣು, ಬೆನ್ನಿಗೆ ಚೀಲ. ಪಾಲಿಶ್‌ಗೆ ಹೋದ ಸೋಫಾವನ್ನು ನೋಡಿದಳು, ಫ್ರಿಜ್ಜನ್ನು ನೋಡಿದಳು, ಕೊನೆಗೆ ಅಪ್ಪನನ್ನು ನೋಡಿದಳು. ತುಟಿ ಕಚ್ಚಿ ಹಿಡಿದು ಬೆನ್ನಿನ ಚೀಲ ಮೆಲ್ಲಗೆ ಕೆಳಗಿಳಿಸಿದಳು. ಅಡುಗೆಮನೆಯ ಬಾಗಿಲಿಗೆ ಬಂದ ಶಿವಬಸವ್ವನ ಕೈಯಲ್ಲಿ ಶಿರಾದ ತಾಟು ಹಾಗೇ ನಿಂತಿತು.

ಮಗಳು ಅತ್ತಿದ್ದರೆ ಬಾಳಾಸಾಹೇಬರು ಗದರಿಸಿ ಸುಮ್ಮನಾಗಿಸುತ್ತಿದ್ದರು, ಬೈದಿದ್ದರೆ ತಾವೂ ಬೈಯುತ್ತಿದ್ದರು. ಹೀಗೆ ನಿಂತವಳನ್ನು ಏನು ಮಾಡುವುದು? ವರ್ಷವಿಡೀ ಆ ಹುಡುಗಿ ಇದೇ ಕೋಣೆಯ ಮೂಲೆಯಲ್ಲಿ ಕೂತು ಓದಿದ್ದು, ಅಂಚೆಯವನ ದಾರಿ ಕಾದದ್ದು ಎಲ್ಲ ಅವರಿಗೆ ಒಮ್ಮೆಲೇ ನೆನಪಾಯಿತು. ತಾವು ಒಂದು ಮಾತಿನಲ್ಲಿ ಅದನ್ನೆಲ್ಲ ನೀರಿಗೆ ಹಾಕಿದ್ದೂ ತಿಳಿಯಿತು. ಅವರು ಎದ್ದು ಹೋಗಿ ಟಿ.ವಿ. ಬಂದ್ ಮಾಡಿದರು.

"ಬಾಯಾರ, ನಾ ಈಗ ಹೇಳಿದ್ದು ಸುಳ್ಳರಿ" ಅಂದರು.

ಈರಯ್ಯನ ಮಕ್ಕಳೂ ಅವರ ಕಡೆ ತಿರುಗಿ ಕೂತರು.

"ನನ್ನ ಪಗಾರದಾಗ ಆಕಿನ್ನ ಪುಣೆಕ್ಕ ಕಳಸಾಕ ಆಗೂದಿಲ್ಲ, ಅಮೇರಿಕಾ ಎಲ್ಲಿ ಬಂತು. ನಮ್ಮ ಕಡೆ ಆಗೂದಿಲ್ರಿ. ಅರ್ಜ್ಯಾಗ ಆಕಿ ಬರದದ್ದ ಖರೇ. ನೀವು ಕುಂತ ಸೋಫಾ ನಮ್ಮ ಹೆಂಡತಿ ತಮ್ಮಂದು."

"ಫ್ರಿಜ್ಜು ನಂದು" ಅಂದಳು ಫಕೀರವ್ವ, ಯಾರೂ ಕೇಳದಿದ್ದರೂ.

"ಟಿ.ವಿ. ನಮ್ಮದು. ಅರ್ಧಾಕ್ಕ ಬಂದ ಮಾಡ್ಯಾರ" ಅಂದ ಈರಯ್ಯ.

"ಸಾಂಬ್ರಾದ ಹೊಲಾ?" ಕಾಂತಾಬಾಯಿ ಕೇಳಿದರು.

"ದೊಡ್ಡಪ್ಪನ ಮಕ್ಕಳದು. ಮನಿ ಬಾಡಿಗಿದು. ಈ ಅಂಗಿ ಅಷ್ಟ ನಂದು."

"ಅದನ್ನೂ ನಮ್ಮ ತಮ್ಮ ದೀಪಾವಳಿಗೆ ಕೊಟ್ಟಿದ್ರಿ" ಎಂದು ಶಿವಬಸವ್ವ ಮೆಲ್ಲಗೆ ತಿದ್ದಿದಳು.

ಕಾಂತಾಬಾಯಿ ಇನ್ನು ತಡೆಯಲಾರದೆ ಜೋರಾಗಿ ನಕ್ಕುಬಿಟ್ಟರು. ಕಣ್ಣೀರು ಬರುವಷ್ಟು ನಕ್ಕರು. "ಹಂಗಾರ ನಿಮ್ಮದು ಅಂತ ಈ ಮನ್ಯಾಗ ಏನದ್ರಿ?"

ಬಾಳಾಸಾಹೇಬರು ಸುತ್ತಲೂ ನೋಡಿದರು. ಬೇರೆ ಏನೂ ಕಾಣದೆ ಮಗಳ ಕಡೆ ಕೈ ಮಾಡಿದರು. "ಇಕಿ ಒಬ್ಬಾಕಿನ್ರಿ. ಇಕಿನ್ನ ತೋರಸೂದ ಬಿಟ್ಟ ನಾ ಮಂದಿ ಸಾಮಾನ ತೋರಸಕೋತ ಕುಂತೆ."

ಸಂದರ್ಶನ ಮತ್ತೆ ಸುರುವಾದದ್ದು ಹಿತ್ತಲ ಕಟ್ಟೆಯ ಮೇಲೆ, ಯಾರದೂ ಅಲ್ಲದ ಬಿಸಿಲಿನಲ್ಲಿ. ಸಮೃದ್ಧಿ ಕೈ ತೊಳೆಯಲು ಹೋದರೆ ಕಾಂತಾಬಾಯಿ, ಇರಲಿ, ಮೊದಲು ಆ ಮಣ್ಣಿನ ಸುದ್ದಿ ಹೇಳು ಅಂದರು. ಬಾಳಾಸಾಹೇಬರು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತರು. ಮಗಳು ಮೊದಲು ಇಂಗ್ಲಿಷಿನಲ್ಲಿ ಹೇಳಿದಳು. ಹಂಚಿನ ವಿಷಯಕ್ಕೆ ಬಂದಾಗ ಭಾಷೆ ತಾನಾಗಿಯೇ ಖಾನಾಪುರಕ್ಕೆ ಇಳಿಯಿತು.

"ಮಾಮಾನ ಭಟ್ಟ್ಯಾಗ ಹಂಚು ಬಾಳ ಸೀಳತಿದ್ವು. ಎಲ್ಲಾರೂ ಮಣ್ಣ ಖರಾಬ ಐತಿ ಅಂತಿದ್ರು. ನಾ ಪ್ರತಿ ಶನಿವಾರ ಹೋಗಿ, ಯಾವ ಹಂಚು ಎಲ್ಲಿ ಒಣಗಿತ್ತು ಅಂತ ಗುರ್ತ ಹಾಕಿ ನೋಡಿದೆ. ಪಡುವಣ ಬಾಜೂ ಇದ್ದೂವ ಸೀಳತಿದ್ವು. ಆ ಕಡೆ ಗೋಡಿ ಇಲ್ಲ, ಗಾಳಿ ಸೀದಾ ಬಂದ ಬಡೀತಿತ್ತು. ಒಂದ ಮಗ್ಗಲ ಜಲ್ದಿ ಒಣಗಿ ಇನ್ನೊಂದ ಮಗ್ಗಲ ಹಸೀನ ಉಳೀತಿತ್ತು. ಹಸೀ ಗೋಣಿತಟ್ಟ ಕಟ್ಟಸಿದೆ. ಮಾಮಾ ಮದ್ಲ ನಕ್ಕ. ಈಗ ಎಲ್ಲಾ ಕಡೆ ಅಂವನ ಕಟ್ಟಸ್ಯಾನ."

"ಈಗ ಒಂದೂ ಸೀಳೂದಿಲ್ಲೇನು?"

"ಸೀಳತಾವ್ರಿ. ಭಟ್ಟಿಯೊಳಗ ತಳದ ಸಾಲಿನ್ಯಾಗ. ಅದ್ಯಾಕಂತ ನನಗಿನ್ನೂ ಗೊತ್ತಾಗಿಲ್ಲ. ಗೊತ್ತ ಮಾಡ್ಕೊಬೇಕಂತನ ಓದಾಕ ಹೊಂಟೀನಿ."

ಬಾಗಿಲ ಹಿಂದಿನ ಬಾಳಾಸಾಹೇಬರು ಇನ್ನಷ್ಟು ಹತ್ತಿರ ಸರಿದರು. ಈ ಹುಡುಗಿ ಖಾನಾಪುರಕ್ಕೆ ಹೋಗುವುದು ಅಜ್ಜಿಯ ಕೈಯ ಹೋಳಿಗೆ ತಿನ್ನಲಿಕ್ಕೆ ಎಂದು ಅವರು ಇಷ್ಟು ದಿನ ತಿಳಿದಿದ್ದರು. ತಾವು ದಿನವೂ ಎರಕ ಹೊಯ್ಯುವವರು. ಸೀಳಿದ ಸಾಮಾನನ್ನು ರಾಶಿಗೆ ಎಸೆದು ಕೂಲಿಯವರಿಗೆ ಬೈದಿದ್ದು ಬಿಟ್ಟರೆ, ಯಾಕೆ ಸೀಳಿತು ಎಂದು ಒಂದು ದಿನವೂ ಕೂತು ನೋಡಿದವರಲ್ಲ. ಗೊತ್ತಿಲ್ಲ ಎಂಬ ಮಾತನ್ನು ಮಗಳು ಎಷ್ಟು ಧೈರ್ಯವಾಗಿ ಹೇಳಿದಳು! ಆ ಹುಡುಗಿಯ ಮುಂದೆ ತಾವು ಬಹಳ ಸಣ್ಣವರು ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಸಂತೋಷವೂ ಆಯಿತು.

ಹೊರಡುವಾಗ ಶಿವಬಸವ್ವ ಕಾಂತಾಬಾಯಿಗೆ ಅರಿಷಿಣ ಕುಂಕುಮ ಕೊಟ್ಟು ಉಡಿ ತುಂಬಿದಳು. ಬಾಳಾಸಾಹೇಬರು ಕೈ ಮುಗಿದು ನಿಂತರು.

"ನನ್ನ ಮಾತಿನಿಂದ ಹುಡುಗಿದು ಕೆಡಬಾರದರಿ. ನನ್ನ ಬಗ್ಗೆ ಏನ ಬೇಕಾದ್ರೂ ಬರೀರಿ, ಬಡಾಯಿಕೋರ ಅಂತನ ಬರೀರಿ."

"ನಿಮ್ಮ ಬಗ್ಗೆ?" ಕಾಂತಾಬಾಯಿ ಚಪ್ಪಲಿ ಮೆಟ್ಟುತ್ತ ನಕ್ಕರು. "ಅವರು ಕೇಳಿದ್ದು ಹುಡುಗಿ ಸುದ್ದಿ ಅಷ್ಟರಿ. ಅಪ್ಪನ ಸುದ್ದಿ ಬರಿಯಾಕ ಅದರಾಗ ಜಾಗಾನ ಇಲ್ಲ."

ಅಲ್ಲಿಂದ ಏಪ್ರಿಲ್‌ವರೆಗೆ ಬಾಳಾಸಾಹೇಬರು ಮನೆಯಲ್ಲಿ ಮೆಲ್ಲಗೆ ಮಾತಾಡಿದರು, ಓಣಿಯವರು ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುವಷ್ಟು. ಕೊನೆಗೆ ಒಂದು ಮಧ್ಯಾಹ್ನ ದಪ್ಪ ಲಕೋಟೆ ಬಂತು. ಸಮೃದ್ಧಿ ನಿಂತೇ ಓದಿದಳು, ಓದುತ್ತ ಓದುತ್ತ ಹೊಸ್ತಿಲ ಮೇಲೆ ಕೂತಳು.

"ತಗೊಂಡಾರ, ಅಪ್ಪಾ. ಕಲಿಸೂದು, ಇರೂದು, ಊಟಾ, ವಿಮಾನದ ತಿಕೀಟು... ಎಲ್ಲಾ ಅವರ ಕೊಡತಾರ."

ಶಿವಬಸವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಾಳಾಸಾಹೇಬರು ಮಿಠಾಯಿ ಅಂಗಡಿಗೆ ಓಡಿಹೋಗಿ ಕುಂದಾ ತಂದು ಓಣಿಯಲ್ಲೆಲ್ಲ ಹಂಚಿ ಬಂದರು. ಎದುರಿಗೆ ಸಿಕ್ಕವರಿಗೆಲ್ಲ, ನಮ್ಮ ಕಡೆ ಏನೂ ಇಲ್ಲ ಅಂತ ಅಮೇರಿಕಾಕ್ಕೆ ಖಾತ್ರಿ ಆಗೈತಿ ಎಂದು ಎದೆ ಉಬ್ಬಿಸಿಕೊಂಡು ಹೇಳಿದರು. ತಿರುಗಿ ಮನೆಗೆ ಬಂದು ಉಳಿದ ಕುಂದಾ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಸಮೃದ್ಧಿ ಎರಡನೆಯ ಹಾಳೆ ಓದುತ್ತಿದ್ದಳು.

"ನೆರವಿನ ಜೋಡಿ ನಾನೂ ವಾರಕ್ಕ ಒಂದಿಷ್ಟ ತಾಸು ಅಲ್ಲಿ ದುಡೀಬೇಕಂತ, ಅಪ್ಪಾ. ಮದ್ಲನೇ ವರ್ಷ ಕಾಲೇಜಿನ ಊಟದ ಮನ್ಯಾಗ ಕೆಲಸಾ ಕೊಟ್ಟಾರ."

"ಊಟದ ಮನ್ಯಾಗ ಏನ ಕೆಲಸಾ?"

"ತಾಟು ತೊಳಿಯೂದು."

ಕುಂದಾ ಬಾಳಾಸಾಹೇಬರ ಗಂಟಲಲ್ಲಿ ನಿಂತಿತು. "ನನ್ನ ಮಗಳು ಮಂದಿ ಉಂಡ ತಾಟು ತೊಳೀಬೇಕ? ಜನಾ ಕೇಳಿದ್ರ ಏನಂದಾರು?"

"ಇಲ್ಲಿ ದಿನಾ ಎರಡ ಹೊತ್ತ ನಾನ ತೊಳ್ಯಾಕತ್ತೀನಲ್ಲ" ಅಂದಳು ಸಮೃದ್ಧಿ. "ಜನಾ ಏನೂ ಅಂದಿಲ್ಲ."

ಬಾಳಾಸಾಹೇಬರು ಬಟ್ಟಲಲ್ಲಿ ಉಳಿದ ಕುಂದಾ ಒಮ್ಮೆಲೇ ಬಾಯಿಗೆ ಹಾಕಿಕೊಂಡರು.

"ಆಕಿ ಚಿಂತಿ ಬಿಡ್ರಿ, ಆಕಿಗೆ ಆ ಕೆಲಸಾ ಬರತೈತಿ" ಎಂದು ಶಿವಬಸವ್ವ ಗಂಡನ ಕೈಯಿಂದ ಖಾಲಿ ಬಟ್ಟಲು ತೆಗೆದುಕೊಂಡಳು. ಸ್ವಲ್ಪ ಯೋಚಿಸಿ ಅದನ್ನು ಮತ್ತೆ ಅವರ ಕೈಗೇ ಇಟ್ಟಳು. "ಆಗಸ್ಟ್‌ನ್ಯಾಗ ಆಕಿ ಹೋಗತಾಳ. ಆಮ್ಯಾಲ ಈ ಮನ್ಯಾಗ ಯಾರ ತೊಳ್ಯಾವ್ರು ಅನ್ನೂದ ಚಿಂತಿ ಮಾಡ್ರಿ."

ಮರುದಿನ ಬೆಳಿಗ್ಗೆ ಫಕೀರವ್ವ ಹಿತ್ತಲ ಗೋಡೆಯ ಮೇಲಿಂದ ಇಣುಕಿದಾಗ, ಬಾಳಾಸಾಹೇಬರು ಲುಂಗಿ ಮೇಲೆ ಕಟ್ಟಿಕೊಂಡು, ಕೈಗೆ ಬೂದಿ ಮೆತ್ತಿಕೊಂಡು, ತಾಟುಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಇದೇನ ನಡದೈತ್ರಿ, ಬಾಳಾಸಾಹೇಬ್ರ?"

"ಮಗಳು ಅಮೇರಿಕಾಕ್ಕ ಹೊಂಟಾಳಲ್ಲವಾ" ಅಂದರು ಬಾಳಾಸಾಹೇಬರು, ತಲೆ ಎತ್ತದೆ. "ಅದರ ತಯಾರಿ."

ಸಮೃದ್ಧಿ ಅವರು ತೊಳೆದಿಟ್ಟ ಮೊದಲನೆಯ ತಾಟು ಎತ್ತಿಕೊಂಡಳು. ಬಿಸಿಲಿಗೆ ಹಿಡಿದು ಎರಡೂ ಮಗ್ಗಲು ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಅವರ ಮುಂದೆಯೇ ಇಟ್ಟಳು.

"ಮತ್ತೊಮ್ಮಿ ತೊಳಿ, ಅಪ್ಪಾ."